ಹೊಟ್ಟೆಗೆ ಹಾಕಿಕೊಳ್ಳುವುದು

ಬೆಲ್ಟು ಹಾಕಿಕೋ, ಟೀಗನ್. ಈ ಲಾರಿಗೆ
ನಿನ್ನ ಕೈಯ ಗುರುತು ಇನ್ನೂ ಹತ್ತಿಲ್ಲ.
ಮ್ಯಾರವಾದಿಂದ ಸ್ಮಿತನ್ನಿನ ಚೀಸ್ ಕಾರ್ಖಾನೆಗೆ
ಐವತ್ತು ಕಿಲೋಮೀಟರು, ಹಗಲಾದರೆ ಮುಕ್ಕಾಲು ಗಂಟೆ.
ಈಗ ಹಗಲಲ್ಲ, ರಾತ್ರಿಯೂ ಅಲ್ಲ,
ಹುಲ್ಲಿಗೆ ಕಿವಿ ಮೂಡುವ ಹೊತ್ತು.

ಬೆನ್ನ ಹಿಂದೆ ಹದಿಮೂರು ಸಾವಿರ ಲೀಟರು ಹಾಲು.
ತುಂಬಿದ ಕೊಡವಾದರೆ ತುಳುಕುತ್ತಿರಲಿಲ್ಲ,
ನಮ್ಮದು ಅರ್ಧ ಕೊಡ.
ನೀನು ಎಡಕ್ಕೆಳೆದರೆ ಅದು ಬಲಕ್ಕೆ ಹೋಗುತ್ತದೆ,
ನೀನು ನಿಂತ ಮೇಲೂ ಹಾಲು ನಿಂತಿರುವುದಿಲ್ಲ.
ಅದಕ್ಕೇ ಈಗಲೇ ಹೇಳಿಬಿಡುತ್ತೇನೆ, ಕೇಳಲು ಕಷ್ಟವಾದರೂ:
ಎದುರಿಗೆ ಬಂದರೆ ಸ್ಟೀರಿಂಗು ತಿರುಗಿಸಬೇಡ.
ಬ್ರೇಕು ಒತ್ತು, ಹಾರ್ನು ಹೊಡಿ, ನೆಟ್ಟಗಿರು,
ಕಣ್ಣು ಮುಚ್ಚಬೇಡ.
ತಪ್ಪಿಸಲು ಹೋದ ಗ್ಯಾರೆತ್ ಬೆಳಿಗ್ಗೆ ಹಳ್ಳದಲ್ಲಿ ಸಿಕ್ಕ,
ಮೊಣಕಾಲುದ್ದ ಹಾಲಿನಲ್ಲಿ.
ವಾಲಬಿ ಅಲ್ಲೇ ಪಕ್ಕದಲ್ಲಿ ಮೇಯುತ್ತಿತ್ತು ಅನ್ನುತ್ತಾರೆ.
ನಾನು ನಂಬುವುದಿಲ್ಲ. ಕಥೆಗೆ ಅಂಥದ್ದೊಂದು ಬೇಕಾಗುತ್ತದೆ.

ಅದಕ್ಕಿಂತ ಮೊದಲು ಕಾಲು. ಅರವತ್ತೈದು, ಸಾಕು.
ಬೋರ್ಡು ನೂರು ಅನ್ನುತ್ತದೆ.
ಬೋರ್ಡು ರಾತ್ರಿ ಲಾರಿ ಓಡಿಸುವುದಿಲ್ಲ.

ದೂರದಲ್ಲಿ ಎರಡು ಕಿಡಿ ಕಂಡರೆ ದೀಪ ತಗ್ಗಿಸು.
ಪೂರ್ತಿ ಬೆಳಕಿನಲ್ಲಿ ಅವಕ್ಕೆ ರಸ್ತೆಯೂ ಇಲ್ಲ, ನಾವೂ ಇಲ್ಲ,
ಬರೀ ಬಿಳುಪು.
ಒಂದು ದಾಟಿತೆಂದು ಉಸಿರು ಬಿಡಬೇಡ,
ಹಿಂದೆ ಇನ್ನೊಂದು ಲೆಕ್ಕ ಹಾಕುತ್ತಾ ನಿಂತಿರುತ್ತದೆ,
ನನ್ನ ತಂಗಿಯ ಮಕ್ಕಳ ಹಾಗೆ.
ಇವೇ ವಾಲಬಿಗಳಿಗೆ ಕೊನೆಯ ಡೈರಿಯ ಕಾಲಿನ್
ಹುಲ್ಲು ತಿನ್ನುತ್ತವೆಂದು ಗುಂಡು ಹೊಡೆಯುತ್ತಾನೆ.
ಅವನ ಹಾಲೂ ಇದರಲ್ಲೇ ಇದೆ. ಬೇರೆ ಮಾಡಲಾಗುವುದಿಲ್ಲ.

ಅಗೋ. ನಿಧಾನ. ಅಂಚಿಗೆ ತಗೋ.
ನಾಲ್ಕೂ ದೀಪ ಮಿನುಗಿಸಿ ಇಳಿ.

ಪ್ಯಾಡಿಮೆಲನ್. ಬೆಕ್ಕಿಗಿಂತ ದೊಡ್ಡದು, ಕುರಿಗಿಂತ ಚಿಕ್ಕದು.
ಇನ್ಯಾರದೋ ಚಕ್ರ. ಮೈ ಇನ್ನೂ ಬಿಸಿ.
ನಡುರಸ್ತೆಯಲ್ಲಿ ಬಿಟ್ಟರೆ ವಾಸನೆಗೆ ಡೆವಿಲ್ ಬರುತ್ತದೆ.
ದೆವ್ವವೆಂದು ಹೆಸರಿಟ್ಟವರು ಕೂಗನ್ನಷ್ಟೇ ಕೇಳಿದವರು,
ಊಟಕ್ಕೆ ಕೂತರೆ ಲಾರಿ ಬಂದರೂ ಏಳದ ಬಡಪಾಯಿ ಅದು.
ಒಂದು ಹೆಣದ ಮೇಲೆ ಇನ್ನೊಂದು ಹೆಣ.
ಬಾಲ ಹಿಡಿದು ಎಳೆ. ಇನ್ನೂ ಆಚೆಗೆ. ಬೇಲಿಯವರೆಗೆ.

ಈಗ ಕೈಗವಸು. ಹೊಟ್ಟೆಯ ಚೀಲದೊಳಗೆ
ಬೆರಳು ಹಾಕಿ ನೋಡು.
ಹೌದು, ನೀನೇ.

ನನ್ನ ಮೊದಲನೆಯದು ರೆಡ್‌ಪಾ ತಿರುವಿನಲ್ಲಿ.
ಸಣ್ಣದೊಂದು ಸದ್ದು, ಬೂಟು ಕೆಳಗೆ ಬಿದ್ದ ಹಾಗೆ.
ನಾನು ನಿಲ್ಲಿಸಲಿಲ್ಲ. ಹಾಲಿಗೆ ತಡವಾಗುತ್ತಿತ್ತು.
ಬೆಳಿಗ್ಗೆ ಖಾಲಿ ಲಾರಿಯಲ್ಲಿ ಬಂದು ಪಕ್ಕದಲ್ಲಿ ಕುಕ್ಕರಿಸಿ,
ತಪ್ಪಾಯಿತು, ಹೊಟ್ಟೆಗೆ ಹಾಕಿಕೋ, ಅಂದೆ.
ಅದು ಹೊಟ್ಟೆಗೆ ಹಾಕಿಕೊಂಡಿದ್ದು
ಹೊರಗೆ ಬಿದ್ದಿತ್ತು.
ಹೆಬ್ಬೆರಳುದ್ದ. ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು.

ಸಿಕ್ಕಿತೇ? ಅಲುಗುತ್ತಿದೆಯೇ? ರೋಮ ಬಂದಿದೆಯೇ?
ಬಾಯಿ ಮೊಲೆಗೆ ಕಚ್ಚಿಕೊಂಡಿದ್ದರೆ ಎಳೆಯಬೇಡ,
ದವಡೆ ಕಿತ್ತುಬರುತ್ತದೆ.
ಬಿಟ್ಟಿದೆಯೇ? ಒಳ್ಳೆಯದು, ಕತ್ತರಿ ಬೇಡ.
ಸೀಟಿನ ಕೆಳಗೆ ದಿಂಬಿನ ಚೀಲವಿದೆ, ಹೂವಿನದು.
ಅದರಲ್ಲಿಟ್ಟು ಅಂಗಿಯೊಳಗೆ ಸೇರಿಸಿಕೋ, ಚರ್ಮಕ್ಕೆ ತಾಗಿ.
ಮಾತಾಡಿಸಬೇಡ. ನಮ್ಮ ದನಿ ಅದಕ್ಕೆ ಸಮಾಧಾನವಲ್ಲ.

ತಾಯಿಯ ಮೇಲೆ ಹಳದಿ ಬಣ್ಣದಲ್ಲೊಂದು ಗೀಟೆಳೆ,
ಮುಂದೆ ಬರುವವರು ನಿಲ್ಲಿಸಬೇಕಾಗಿಲ್ಲ,
ಯಾರೋ ನೋಡಿದ್ದಾರೆ.

ಇತ್ತ ಬಾ, ಇನ್ನು ನಾನು ಓಡಿಸುತ್ತೇನೆ.
ಯೂನಿಸ್‌ಗೆ ಫೋನು ಮಾಡು, ಎಷ್ಟು ಹೊತ್ತಾದರೂ ಎತ್ತುತ್ತಾಳೆ,
ಸೀಸೆ ಕಾಯಿಸಿಡಲು ಹೇಳು.
ಹಿಂದೆ ಹದಿಮೂರು ಸಾವಿರ ಲೀಟರು ಇದೆ,
ಇದಕ್ಕೆ ಒಂದು ಹನಿಯೂ ಆಗುವುದಿಲ್ಲ, ಹಸುವಿನ ಹಾಲು ಒಗ್ಗುವುದಿಲ್ಲ.

ಕಾರ್ಖಾನೆಯವರು ಬೈಯುತ್ತಾರೆ. ಬೈಯಲಿ.
ಅರವತ್ತೈದು.
ನೀನು ರಸ್ತೆ ನೋಡಬೇಡ, ಅದನ್ನು ನೋಡು.
ರಸ್ತೆ ನಾನು ನೋಡುತ್ತೇನೆ.