ನಾಲ್ಕನೇ ಕೊಳವೆ

ನನ್ನ ಕಸುಬೇ ಮೂಗು ತೂರಿಸುವುದು.
ಪೋರ್ಟೊದಿಂದ ಬೆಳಗಿನ ಆರೂವರೆಯ ಬಸ್ಸು, ತೊಡೆಯ ಮೇಲೆ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ಆರು ಪಂಪು, ಪೆನ್ಸಿಲಿಗಿಂತ ಸಣ್ಣ ಗಾಜಿನ ಕೊಳವೆಗಳು,
ಕೊಳವೆಯೊಳಗೆ ತೆಂಗಿನ ಚಿಪ್ಪು ಸುಟ್ಟ ಇದ್ದಿಲು.
ಯಾವ ಕಡಲತೀರದ ತೆಂಗೋ,
ಇಷ್ಟು ದೂರ ಬಂದು ಪರರ ಗಾಳಿ ಕುಡಿಯುತ್ತದೆ.

ಫೆಲ್ಗೇರಾಸ್. ಬೂಟುಗಳ ಊರು.
ಎರಡನೇ ಮಹಡಿಯಲ್ಲಿ ಅಂಟಿನ ಸಾಲು, ಮೂಲೆಯ ಮೇಜು ದಿಯೊಲಿಂದಾಳದು.
ಕೊರಳಪಟ್ಟಿಗೆ ಕೊಳವೆ ಸಿಕ್ಕಿಸಿದೆ, ಸೊಂಟಕ್ಕೆ ಪಂಪು.
ಮೂಗಿನಿಂದ ಒಂದು ಗೇಣಿನೊಳಗೆ ಇರಬೇಕು.
"ಬೆಕ್ಕಿನ ಮರಿಯ ಹಾಗೆ ಗುರುಗುಟ್ಟುತ್ತದಲ್ಲೇ!
ಹೆಸರೇನಿಟ್ಟಿದ್ದೀ?"
ಹೆಸರಿಲ್ಲ. ನಾಲ್ಕು.

"ವಾಸನೆ ಬರುತ್ತದಾ?"
ಕೇಳಲೇಬೇಕು, ನಮೂನೆಯಲ್ಲಿದೆ.
"ಯಾವ ವಾಸನೆ?"
ಹತ್ತೊಂಬತ್ತು ವರ್ಷ. ಕುಂಚ ಡಬ್ಬಿಗೆ, ಡಬ್ಬಿಯಿಂದ ಅಟ್ಟೆಗೆ,
ಮತ್ತೆ ಡಬ್ಬಿಗೆ.
ಮೂಗು ಎಂದೋ ಕೈಚೆಲ್ಲಿದೆ.
ಪಕ್ಕದಲ್ಲಿ ನಿಂತ ನನಗೇ ಕಣ್ಣಂಚು ಉರಿ.

ಮಾಲೀಕ ಅಬೀಲಿಯು ನನ್ನ ಗೌರವಕ್ಕೆಂದು ಕಿಟಕಿಗಳನ್ನೆಲ್ಲ ತೆರೆಸಿಟ್ಟಿದ್ದ.
ನವೆಂಬರಿನ ಗಾಳಿಗೆ ಅಂಟು ಹಿಡಿಯುತ್ತಿಲ್ಲವೆಂದು
ಹತ್ತು ಗಂಟೆಗೆ ತಾನೇ ಬಂದು ಮುಚ್ಚಿಸಿದ.
ಎರಡನ್ನೂ ಬರೆದುಕೊಂಡೆ, ಗಂಟೆ ನಿಮಿಷ ಸಹಿತ.

ಹನ್ನೆರಡೂವರೆಗೆ ಬುತ್ತಿ. ಕೋಸಿನ ಸೂಪು, ಮೆಕ್ಕೆಜೋಳದ ಬ್ರೆಡ್ಡು,
ಕೊನೆಗೊಂದು ಕಿತ್ತಳೆ, ಎರಡು ಎಲೆಗಳ ಸಮೇತ.
ಅದನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು.
ಉಗುರು ಎಲ್ಲಿ ಊರಬೇಕೆಂದು
ಬೆರಳಿಗೆ ತಿಳಿಯುತ್ತಿಲ್ಲ.
"ಹೋದ ಚಳಿಗಾಲದಿಂದ ಹೀಗೆ. ಅಂಗಿಯ ಗುಂಡಿ ಮೊಮ್ಮಗ ಹಾಕಿಕೊಡುತ್ತಾನೆ.
ನೀನು ಶುರು ಮಾಡಿಕೊಡು ಸಾಕು,
ಆಮೇಲಿನದು ನನಗೆ ಬರುತ್ತದೆ."
ಮಾಡಿಕೊಟ್ಟೆ. ಸಿಪ್ಪೆ ಚಿಮ್ಮಿತು,
ಕಂಡೂ ಕಾಣದ ತುಂತುರು, ಅವಳ ಕೊರಳಿಗೆ.
ಪಂಪು ನಿಲ್ಲಿಸಲು ಮರೆತಿದ್ದೆ.

ಮೂರು ವಾರಕ್ಕೆ ಕಾಗದ ಬಂತು.
ಹೆಕ್ಸೇನ್, ಮಿತಿಯ ನೂರಕ್ಕೆ ಅರವತ್ತೆರಡು.
ಟಾಲೂಯೀನ್, ಎಪ್ಪತ್ತೊಂದು.
ಕೆಳಗೆ ಲ್ಯಾಬಿನ ಹುಡುಗನ ಪೆನ್ಸಿಲ್ ಅಕ್ಷರ:
'ನಾಲ್ಕನೆಯದರಲ್ಲಿ ಲಿಮೊನೀನ್ ಕೂಡ ಇದೆ. ಹಣ್ಣು ತಿಂದವರಾರು?'

"ಎರಡೂ ಗೆರೆಯ ಕೆಳಗೇ ಇವೆಯಲ್ಲ ಮೇಡಂ," ಅಬೀಲಿಯು ಕಾಫಿ ತರಿಸಿದ.
ನಾನು ಓದುವ ಕಾಲಕ್ಕೆ ಆ ಗೆರೆ ಬೇರೆಲ್ಲೋ ಇತ್ತು.
ಆಮೇಲೆ ಇಳಿಯಿತು, ಇನ್ನೊಮ್ಮೆ ಇಳಿಯಿತು.
ನರ ಅದೇ, ನೆತ್ತರು ಅದೇ;
ಗೆರೆ ಎಳೆಯುವ ಕೈಗೇ
ತಡವಾಗಿ ಒಂದಿಷ್ಟು ಅಳುಕು ಬಂತು, ಅಷ್ಟೆ.

ಕಾಫಿ ಕುಡಿಯಲಿಲ್ಲ. ಹೇಳಿದೆ:
ಇವರಿಬ್ಬರೂ ಬೇರೆ ಒಲೆಯವರಲ್ಲ ಸ್ವಾಮಿ,
ಒಂದೇ ತಲೆಯೊಳಗೆ ಒಂದೇ ಪಂಕ್ತಿಗೆ ಕೂತು ಉಣ್ಣುವವರು.
ಕೂಡಿಸಬೇಕು.
ನೂರ ಮೂವತ್ತಮೂರು.
ಅವನು ಬೆರಳು ಮಡಿಸಿ ಎಣಿಸಿದ. ಅವನ ಬೆರಳು ಚೆನ್ನಾಗಿಯೇ ಮಡಿಯುತ್ತವೆ.
ಆಮೇಲೆ ಫ್ಯಾನಿಗೆಷ್ಟು, ಹೊಗೆಕೊಳವೆಗೆಷ್ಟು ಎಂದು ಕೇಳಿದ,
ಮುಖ ಹುಳಿ ಮಾಡಿಕೊಂಡೇ.

ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎಂದು ನಗುತ್ತೇವೆ.
ಗಾಳಿಯೇ ಗುದ್ದಿದರೆ
ಏನನ್ನಬೇಕೆಂದು ಗಾದೆ ಮಾಡಿದವರಿಗೆ ಹೊಳೆದಿರಲಿಲ್ಲ.

ರಾತ್ರಿ ವರದಿ ಬರೆಯುತ್ತ ಕೂತೆ.
ಸಿಕ್ಕಿದ್ದನ್ನೆಲ್ಲ ಎಂಟು ಗಂಟೆಗೆ ಹಂಚುವುದು ನಮ್ಮ ಪದ್ಧತಿ.
ಯಾರೂ ಕೇಳದಿದ್ದರೂ
ಆ ಹತ್ತು ನಿಮಿಷದ ಕಿತ್ತಳೆಯನ್ನೂ ಹಂಚಿ ನೋಡಿದೆ.
ಲೆಕ್ಕದ ಪ್ರಕಾರ ಅವತ್ತು ಇಡೀ ದಿನ,
ಕಿಟಕಿ ತೆರೆದಾಗ, ಮುಚ್ಚಿದಾಗ,
ಕುಂಚ ಅದ್ದಿದ ಪ್ರತಿ ಸಲ,
ದಿಯೊಲಿಂದಾಳ ಕೊರಳ ಬಳಿ ಸಾಸಿವೆಯಷ್ಟು ಕಿತ್ತಳೆ ಇತ್ತು.
ನನ್ನ ಪಟ್ಟಿಯಲ್ಲಿ ಅದಕ್ಕೆ ಮಿತಿಯಿಲ್ಲ.

ಆ ವಾಸನೆಯಾದರೂ ಅವಳಿಗೆ ಬಂದಿತ್ತೋ ಇಲ್ಲವೋ,
ಕೇಳುವ ಧೈರ್ಯ ಆಗಲಿಲ್ಲ.