ಪಾಳಿ

ಮೂರನೆಯ ವಾರ್ಡಿನ ಪಾಳಿ ಬರೆಯುವವಳು ನಾನು.
ಯಾರಿಗೆ ಬೆಳಗು, ಯಾರಿಗೆ ರಾತ್ರಿ,
ಯಾರ ಮಗುವಿಗೆ ಜ್ವರ, ಯಾರಿಗೆ ಯಾರ ಮುಖ ಆಗದು—
ಎಲ್ಲವನ್ನೂ ಒಂದು ಹಾಳೆಯ ಚೌಕಗಳಲ್ಲಿ ಕೂರಿಸಿ
ಶುಕ್ರವಾರ ಗೋಡೆಗೆ ಹಚ್ಚುತ್ತೇನೆ.
ಸೋಮವಾರದ ಹೊತ್ತಿಗೆ ಅದರ ತುಂಬ ಕೆಂಪು ಗೀಟು.

ಟಾಡ್ಮೊರ್ಡನ್ನಿನ ಕಾಲುವೆ ದಾಟಿ, ರೈಲು ಏರಿಗೆ ಒತ್ತಿಕೊಂಡು
ಈನಿಡ್ ಬ್ಯಾರಕ್ಲಫ್‌ಳ ಬಾಡಿಗೆ ತೋಟ:
ನಾಲ್ಕು ಸಾಲು ಬೀನ್ಸು, ಬೆನ್ನು ಮುರಿದ ಕುರ್ಚಿ, ಎರಡು ಜೇನುಪೆಟ್ಟಿಗೆ.
ಎಪ್ಪತ್ತೊಂಬತ್ತು ದಾಟಿಯೂ ಕೈಗವಸು ತೊಡದವಳು.
"ನಿನ್ನ ಹಾಳೆ ತಂದು ಇವರಿಗೆ ತೋರಿಸು, ನಕ್ಕಾರು"
ಎನ್ನುತ್ತ ಮುಚ್ಚಳ ಎತ್ತಿದಳು.

ಹುಟ್ಟಿದ ದಿನವೇ ಕೆಲಸಕ್ಕೆ:
ತಾನು ಕೊರೆದು ಹೊರಬಂದ ಕೋಣೆಯನ್ನು ತಾನೇ ನೆಕ್ಕಿ ತೊಳೆಯಬೇಕು.
(ನಮ್ಮಲ್ಲಿ ಹನ್ನೊಂದು ದಿನದ ಪುರುಡು. ಇಲ್ಲಿ ಒಂದು ಗಳಿಗೆಯೂ ಇಲ್ಲ.)
ಐದಾರು ದಿನ ಕಳೆದರೆ ತಲೆಯಲ್ಲಿ ಹಾಲು ಕಟ್ಟುತ್ತದೆ.
ಹೌದು, ತಲೆಯಲ್ಲಿ.
ಹಡೆಯದವಳು ಕೋಣೆ ಕೋಣೆಗೆ ಬಗ್ಗಿ
ಕಣ್ಣಿಲ್ಲದ ಬಿಳಿ ಹುಳುಗಳಿಗೆ ಉಣಿಸುತ್ತಾಳೆ.
ಹಾಲು ಬತ್ತಿತೋ, ಹೊಟ್ಟೆಯಡಿ ಮೇಣದ ಚಕ್ಕೆ.
ಆಗ ಎರಿ ಕಟ್ಟುವ ಸರದಿ.

"ನನ್ನನ್ನೂ ಹಾಗೇ," ಎಂದಳು ಈನಿಡ್, ಹೊಗೆ ಊದುತ್ತ,
"ಹದಿನೈದಕ್ಕೆ ಗಿರಣಿಗೆ ಬಿಟ್ಟರು, ಮಗ್ಗದಡಿ ತೂರಿ ಹತ್ತಿಯ ಧೂಳು ಗುಡಿಸಲು.
ಆಮೇಲೆ ಕಂಡಿಕೆ. ಆಮೇಲೆ ನಾಲ್ಕು ಮಗ್ಗ ಒಬ್ಬಳಿಗೇ."
ಅವಳ ಮಾತಲ್ಲಿ ಕಂಡಿಕೆಗೆ ಬೇರೆಯೇ ಹೆಸರು.
ಆದರೆ ಗಾಳಿಯಲ್ಲಿ ಬೆರಳು ಸುತ್ತಿದ ರೀತಿ ಕಂಡು
ಇಳಕಲ್ಲಿನವಳಾದ ನನಗೆ ಭಾಷೆ ಬೇಕಾಗಲಿಲ್ಲ.

ನೂರಕ್ಕೊಬ್ಬಳು ಹೆಣ ಹೊರುತ್ತಾಳೆ,
ಬಾಗಿಲಾಚೆ ಎಳೆದು, ಹಾರಿ, ಹುಲ್ಲಿಗೆ ಎಸೆದು ಬರುತ್ತಾಳೆ.
ಕೊನೆಗೆ ಬಿಸಿಲು, ಹೂವು, ದೂರ—
ರೆಕ್ಕೆಯ ಅಂಚು ಹರಿದು ಚಿಂದಿಯಾಗುವ ತನಕ.

"ಇದನ್ನೆಲ್ಲ ಹೇಳುವವರು ಯಾರು? ರಾಣಿಯೇ?"
"ಅವಳಾ? ದಿನಕ್ಕೆ ಸಾವಿರ ಮೊಟ್ಟೆ ಇಡುವವಳಿಗೆ
ಮಾತಾಡಲು ಪುರುಸೊತ್ತೆಲ್ಲಿ, ಪಾಪ.
ತಂದ ಮಕರಂದ ಇಳಿಸಿಕೊಳ್ಳುವವರು ಸಿಗದಿದ್ದರೆ
ತಂದವಳೇ ಗಡಗಡ ಮೈ ನಡುಗಿಸುತ್ತಾಳೆ.
ಕಂಡವರು ಬರುತ್ತಾರೆ. ಅಷ್ಟೇ."

ಮೇ ತಿಂಗಳ ನಡುವೆ ಆಲಿಕಲ್ಲು ಬಿತ್ತು.
ಗುಡ್ಡಕ್ಕೆ ಹೋದವರು ತಿರುಗಿ ಬರಲಿಲ್ಲ.
ಮಾರನೆಯ ವಾರ ಹೊಸಿಲಲ್ಲಿ ಎಳೆಯರು:
ಮೈಯ ಬೂದು ತುಪ್ಪಳ ಇನ್ನೂ ಉದುರಿಲ್ಲ,
ಹಾರಿದವರೇ ಹಿಂದಕ್ಕೆ ತಿರುಗಿ,
ಮನೆಯ ಮುಖವನ್ನು ಎಡಕ್ಕೂ ಬಲಕ್ಕೂ ತೂಗಿ ನೋಡಿ ಕಲಿತು,
ಹೊರಟರು.

ಎರಡನೆಯ ಪೆಟ್ಟಿಗೆಯಲ್ಲಿ ತಿರುಗಾಮುರುಗಾ.
ಎಳೆಯರನ್ನೆಲ್ಲ ಅವಳೇ ಬೇಕೆಂದು ಬೇರೆ ಮಾಡಿದ್ದಳು.
ಉಳಿದದ್ದು ಚಿಂದಿ ರೆಕ್ಕೆಯ ಮುದುಕಿಯರು,
ಮತ್ತು ಹಸಿದ ಹುಳು.
ವಾರ ಬಿಟ್ಟು ತೆರೆದರೆ, ಬತ್ತಿದ್ದ ತಲೆಗಳಲ್ಲಿ ಮತ್ತೆ ಹಾಲು.
"ಎಲ್ಲರಿಗೂ ಅಲ್ಲ," ಎಂದಳು. "ಕೆಲವರಿಗೆ."

ಐದಕ್ಕೆ ಸರಿಯಾಗಿ ಎದ್ದಳು.
ತಂಗಿ ಮ್ಯೂರಿಯಲ್‌ಗೆ ಉಣಿಸಬೇಕು,
ಚಮಚ ಎಂದರೇನೆಂದೇ ಮರೆತಿದ್ದಾಳೆ ಅವಳು.
ಮಕ್ಕಳಿಲ್ಲದ ಈನಿಡ್ ಜೇಬು ತಡಕಿ ಬೀಗದ ಕೈ ಹುಡುಕಿದಳು,
ಬೀನ್ಸಿನ ನಡುವೆ ಒಂದು ಸಾಲು ತುಳಿದೇ ಹೋದಳು.

ಈಗ ಶುಕ್ರವಾರ.
ಭಾನುವಾರ ರಾತ್ರಿಯ ಒಂದು ಚೌಕ ಖಾಲಿ.
ಕಂಪ್ಯೂಟರ್ ಕೆಂಪಾಗಿ ಮಿನುಗಿ ಹೆಸರು ಕೇಳುತ್ತಿದೆ.
ಎಷ್ಟು ತೊಳೆದರೂ ಬೆರಳಿಂದ ಎರಿಯ ಅಂಟು ಹೋಗಿಲ್ಲ,
ಒತ್ತಿದ ಪ್ರತಿ ಅಕ್ಷರವೂ
ತುಸು ಹೊತ್ತು ಹಿಡಿದುಕೊಂಡು ಬಿಡುತ್ತಿದೆ.