ಚೀಲದ ತಳ

ಬೆಳಿಗ್ಗೆ ಹತ್ತಕ್ಕೇ ರಾಯಚೂರು ಕಾದ ಹಂಚು.
ಪ್ಯಾಡಿಗೆ ಸಿಕ್ಕಿಸಿದ ಹಾಳೆ ಬೆವರಿಗೆ ಸುರುಳಿ ಸುತ್ತುತ್ತಿದೆ.
ಮಂಚದಿಂದ ಮಂಚಕ್ಕೆ ಅಂಕ ಹಾಕುತ್ತ ಬರುವವಳು ನಾನು:
ತಾವೇ ಮಾಡಿಕೊಂಡರೆ ಸೊನ್ನೆ,
ಪಕ್ಕದಲ್ಲಿ ಯಾರಾದರೂ ನಿಲ್ಲಬೇಕಾದರೆ ಒಂದು,
ಕೈ ಹಚ್ಚಬೇಕಾದರೆ ಎರಡು,
ಇಬ್ಬರು ಎತ್ತಬೇಕಾದರೆ ಮೂರು.
ಸ್ನಾನ, ಊಟ, ಬಟ್ಟೆ, ನಡಿಗೆ, ಪಾಯಖಾನೆ.
ಕೂಡಿದರೆ ಬರುವುದೇ
ಒಬ್ಬರ ಪಾಲಿನ ಆಯಾ, ಒಬ್ಬರ ತಿಂಗಳ ಬಿಲ್ಲು.

ಖುರ್ಷೀದಾ ಬೀ ಟೀಚರು ನನ್ನ ಪೆನ್ನು ಕಸಿದು
ಮಂಚದ ನಂಬರಿನ ಏಳನ್ನು ತಿದ್ದಿದರು,
ಒಂದರ ಹಾಗೆ ಕಾಣುತ್ತದಂತೆ.
ಅವರ ಹೆಸರು ಕೇಳಿದ್ದಕ್ಕೆ ಮಾತ್ರ
ಬಹಳ ಹೊತ್ತು ಕಿಟಕಿಯ ಕಡೆ ನೋಡಿದರು.
ಎಲ್ಲಿ ಬರೆಯಲಿ ಇದನ್ನು?

ಒಂಬತ್ತನೇ ಮಂಚ, ಅಮರಗುಂಡಪ್ಪ.
ನಲವತ್ತು ವರ್ಷ ಗಂಜಿನಲ್ಲಿ
ಹತ್ತಿಗೆ ದರ್ಜೆ ಕಟ್ಟಿದ ಬೆರಳು.
ನಾನು ಬರುವುದು ತಿಳಿದು ಇಸ್ತ್ರಿ ಅಂಗಿ, ವಿಭೂತಿ, ತಲೆಗೆ ಎಣ್ಣೆ.
"ಕೇಳು ಸಿಸ್ಟರವ್ವ, ಏನು ಕೇಳ್ತಿ ಕೇಳು."
ಗುಂಡಿ ತಾವೇ ಹಾಕಿ ತೋರಿಸಿದರು,
ನಾನು ಗಡಿಯಾರ ನೋಡದಂತೆ ಮಾತಿಗೆಳೆಯುತ್ತ:

"ಆ ದಲ್ಲಾಳಿಗೋಳು ಏನು ಮಾಡ್ತಿದ್ರು ಗೊತ್ತೇನು?
ಮ್ಯಾಲ ಮಲ್ಲಿಗಿಯಂಥ ಅರಳಿ, ಕೆಳಗ ಹಸೀದು, ಕಸ, ಕಡ್ಡಿ.
ನಾ ಮ್ಯಾಲಿಂದು ನೋಡ್ತಿದ್ದಿಲ್ಲ.
ಮೊಣಕೈತನಕ ಕೈ ಇಳಿಸಿ
ಚೀಲದ ತಳದಿಂದ ಒಂದು ಹಿಡಿ ತೆಗೀತಿದ್ದೆ.
ಗಲ್ಲಕ್ಕ ಒತ್ತಿದ್ರ ಸಾಕು,
ನೀರು ಹೊಡೆದಾರೋ ಇಲ್ಲೋ, ಅರಳೀನ ಹೇಳ್ತಿತ್ತು."

ಐದು ಗುಂಡಿಗೆ ಹನ್ನೊಂದು ನಿಮಿಷ. ಮೀಸೆಯಂಚಿಗೆ ಬೆವರು.
ಒಂದು ಕಾಜ ತಪ್ಪಿ ಅಂಗಿಯ ಬಲಬದಿ ಮೇಲೇರಿತ್ತು.
ಆದರೂ ಹಾಕಿದರು. ಸೊನ್ನೆಯೇ ಅಲ್ಲವೆ?
ಬಾಗಿಲತನಕ ನಡೆದರು,
ಗೋಡೆ ಹಿಡಿದದ್ದನ್ನು ಗೋಡೆ ನೋಡಿದ ಹಾಗೆ ಮಾಡಿ:
"ಸುಣ್ಣ ಇನ್ನೂ ಹಸಿ ಅದ."
ಸುಣ್ಣ ಬಳಿದು ಎರಡು ವರ್ಷ.

ರಾತ್ರಿ?
"ಗುಂಡುಕಲ್ಲಿನಂಗ ಮಲಗ್ತೀನಿ."

ಮೊತ್ತ ನಾಲ್ಕು. ಆರು ಮೀರಿದರೆ ರಾತ್ರಿಗೊಬ್ಬ ಆಯಾ.
ಅವರಿಗೂ ಗೊತ್ತು.
ಬಿಲ್ಲು ಕಟ್ಟುವವಳು ಮಾನ್ವಿಯಲ್ಲಿ ಹೊಲಿಗೆ ಅಂಗಡಿಯ ತಂಗಿಮಗಳು.
ಒಂದು ಅಂಕ ಏರಿದರೆ ಅವಳಿಗೆ ಎಷ್ಟು ರವಿಕೆ ಹೆಚ್ಚು
ಎಂಬ ಲೆಕ್ಕ ಅವರ ಬಳಿ ಇತ್ತು,
ನನ್ನ ಹಾಳೆಯಲ್ಲಿ ಇರಲಿಲ್ಲ.

ನೀರಿನ ಹರವಿಯ ಹತ್ತಿರ ಹುಲಿಗೆಮ್ಮ,
ಸೆರಗಿಗೆ ಕೈ ಒರೆಸುತ್ತ, ನನ್ನ ಮುಖ ನೋಡದೆ ಅಂದಳು:
"ಹಗಲಿಗೆ ಬಂದು ಬರಕೊಂಡು ಹೋಗ್ತೀರಿ ನೀವು."

ರಾತ್ರಿ ಮೂರು. ಕರೆಂಟಿಲ್ಲ. ಹಾಳೆ ತಂದಿರಲಿಲ್ಲ.
ಅವರು ಮಂಚದ ಅಂಚಿಗೆ ಕೂತಿದ್ದರು,
ಒಂದು ಕಾಲು ನೆಲವನ್ನು ಹುಡುಕುತ್ತಿತ್ತು
ಬಾವಿಗಿಳಿಬಿಟ್ಟ ಕೊಡದ ಹಾಗೆ.
ಧೋತರ ಒದ್ದೆ.
ಹಾಸಿಗೆಯ ಒದ್ದೆಯ ಮೇಲೆ
ಬೆಳಗಿನ ಆ ಇಸ್ತ್ರಿ ಅಂಗಿ ಹಾಸಿದ್ದರು,
ತೋಳೆರಡೂ ನೀಟಾಗಿ ಚಾಚಿ.

ಬ್ಯಾಟರಿ ಆರಿಸಿದೆ.
"ಯಾರದು?"
"ನಾನು."
ಫ್ಯಾನಿಲ್ಲದ ಮೌನ. ಎಲ್ಲೋ ಲಾರಿ ಹೋಯಿತು.
"ಕೈ ಇಳಿಸಿದಿ ಹಂಗಾದ್ರ."

ಕಂಕುಳಿಗೆ ತೋಳು ಕೊಟ್ಟು ಎತ್ತಿದೆ. ಭಾರ ಅಷ್ಟೇನಿಲ್ಲ.
ಎರಡೇ ಹೆಜ್ಜೆಗೆ ಮೊಣಕಾಲು ಕುಸಿದವು.
ಯಾರೂ ಕರೆಯದೆ ಹುಲಿಗೆಮ್ಮ ಆಚೆ ಬದಿಗೆ ಬಂದು ನಿಂತಿದ್ದಳು.

ಒಣಬಟ್ಟೆ ಉಟ್ಟು ಒರಗಿದ ಮೇಲೆ
ದಿಂಬಿನ ಹರಕಿನಿಂದ ಒಂದು ಚೂರು ಅರಳೆ ಕಿತ್ತು
ಎರಡು ಹೆಬ್ಬೆರಳ ನಡುವೆ ಹಿಂಜಿ ಕತ್ತಲಲ್ಲೇ ಅಳೆದರು.
ಆ ಬೆರಳು ನಡುಗಲಿಲ್ಲ.
"ಗಿಡ್ಡ ಎಳಿ. ಮೂರನೇ ದರ್ಜೆ.
ಇಂಥಾದ್ದು ತುಂಬಿ ನಿದ್ದಿ ಬಾ ಅಂದ್ರ ಎಲ್ಲಿ ಬರ್ತದ?"

ಹುಲಿಗೆಮ್ಮ ನಕ್ಕಳು. ಅವರು ನಗಲಿಲ್ಲ.
"ಬರಿ ಸಿಸ್ಟರವ್ವ, ಇದ್ದದ್ದು ಬರಿ.
ಆದ್ರ ಹುಡುಗಿಗೆ ನೀವ್ಯಾರೂ ಫೋನ್ ಮಾಡಬ್ಯಾಡ್ರಿ.
ನಾನ ಹೇಳ್ತೀನಿ."